ಆಯಿಲ್ ಪ್ರೆಶರ್ ಎಲ್ಲಿ ಸೋರಿಹೋಯಿತು?

ಎಂಜಿನ್ನಿನ ಆಯಿಲ್ ಪಂಪು ಒತ್ತಡವನ್ನು ತಯಾರಿಸುವುದಿಲ್ಲ. ಅದು ಎಣ್ಣೆಯನ್ನು ಮುಂದಕ್ಕೆ ದೂಡುತ್ತದೆ, ಅಷ್ಟೇ. ಎರಡು ಗಿಯರುಗಳು ಹಲ್ಲಿಗೆ ಹಲ್ಲು ಕೂಡಿಸಿಕೊಂಡು ತಿರುಗಿದಂತೆ ಪ್ರತಿ ಸುತ್ತಿಗೂ ಇಂತಿಷ್ಟು ಎಣ್ಣೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗುತ್ತದೆ. ಹಾಗೆ ಸಾಗಿದ ಎಣ್ಣೆಗೆ ಮುಂದಿನ ದಾರಿ ಇಕ್ಕಟ್ಟಾಗಿದ್ದರೆ ಒತ್ತಡ ಏರುತ್ತದೆ, ದಾರಿ ಅಗಲವಾಗಿದ್ದರೆ ಇಳಿಯುತ್ತದೆ. ಇದು ಹೈಸ್ಕೂಲಿನ ಭೌತಶಾಸ್ತ್ರ. ಆದರೂ ಬೋರಿಂಗ್ ಮಾಡಿಸಿ, ಹೊಸ ಬೇರಿಂಗ್ ಹಾಕಿಸಿ ತಂದ ಎಂಜಿನ್ನಿನಲ್ಲಿ ಪ್ರೆಶರ್ ಗೇಜಿನ ಮುಳ್ಳು ಕೆಳಗೆ ಕುಸಿದಾಗ ಗ್ಯಾರೇಜಿನಲ್ಲಿ ಮೊದಲು ಬೆರಳು ತೋರುವುದು ಪಂಪಿನ ಕಡೆಗೇ. ಹೊಸ ಪಂಪು ಬರುತ್ತದೆ, ಮುಳ್ಳು ಅಲ್ಲೇ ಇರುತ್ತದೆ. ಆಮೇಲೆ ಇನ್ನಷ್ಟು ಮಂದವಾದ ಆಯಿಲ್ ಬರುತ್ತದೆ. ಅದೂ ಸಾಲದೆ ಹೋದರೆ ಒತ್ತಡ ಮಿತಿಮೀರಿದಾಗ ತೆರೆದುಕೊಳ್ಳುವ ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ಒಂದು ವಾಷರ್ ಸೇರುತ್ತದೆ. ಈ ಮೂರೂ ಉಪಾಯಗಳು ಮುಳ್ಳನ್ನು ಮೇಲೆತ್ತುವ ಪ್ರಯತ್ನಗಳು. ಹೊಸದಾಗಿ ಜೋಡಿಸಿದ ಎಂಜಿನ್ನಿನಲ್ಲಿ ಒತ್ತಡ ಕಡಿಮೆ ಎಂದರೆ ಎಲ್ಲೋ ಒಂದು ಕಡೆ ಎಣ್ಣೆಗೆ ಇರಬಾರದ ದಾರಿಯೊಂದು ಸಿಕ್ಕಿದೆ ಎಂದೇ ಮೊದಲು ಭಾವಿಸಬೇಕು, ಆ ದಾರಿಯನ್ನು ಹುಡುಕುವುದೇ ಕೆಲಸ ಎಂಬುದು ಈ ಅಧ್ಯಾಯದ ವಾದ.

ವಾದಕ್ಕೆ ಒಂದು ನಿಜವಾದ ಎಂಜಿನ್ ಬೇಕು. ವಿಲ್ಲಿಸ್ ಕಂಪನಿಯ ‘ಹರಿಕೇನ್’ ಎಂಜಿನ್ನನ್ನು ತೆಗೆದುಕೊಳ್ಳೋಣ. ನಾಲ್ಕು ಸಿಲಿಂಡರು, 134 ಘನ ಅಂಗುಲ, ಅಂದರೆ ಸುಮಾರು 2.2 ಲೀಟರ್. 1953ರಲ್ಲಿ ಬಂದ ಸಿಜೆ–3ಬಿ ಜೀಪಿನ ಎತ್ತರದ ಬಾನೆಟ್ಟಿನ ಕೆಳಗೆ ಇದ್ದದ್ದು ಇದೇ. ಅದೇ ಜೀಪನ್ನು ಮಹೀಂದ್ರಾ ಕಂಪನಿ ಮುಂಬಯಿಯಲ್ಲಿ ದಶಕಗಳ ಕಾಲ ತಯಾರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಆ ಮುಖ ಚೆನ್ನಾಗಿ ಗೊತ್ತು. ಈ ಎಂಜಿನ್ನನ್ನು ಆರಿಸಲು ಕಾರಣ ಅದರ ಮೇಲಿನ ಪ್ರೀತಿಯೊಂದೇ ಅಲ್ಲ. ಅದರ ಎಣ್ಣೆಯ ದಾರಿ ಸರಳ, ಪಂಪು ಬ್ಲಾಕಿನ ಹೊರಗೆ ಎಡಬದಿಯಲ್ಲಿ ಕೈಗೆಟುಕುವಂತಿದೆ, ಮತ್ತು ಪುನರ್ಜೋಡಣೆಯಲ್ಲಿ ಆಗುವ ತಪ್ಪುಗಳಿಗೆ ಅದು ಒಳ್ಳೆಯ ಉದಾಹರಣೆಗಳನ್ನು ಕೊಡುತ್ತದೆ. ಚೆನ್ನಾಗಿ ಬಿಸಿಯಾದ ಎಂಜಿನ್ನಿನಲ್ಲಿ 2000 ಆರ್‌ಪಿಎಂಗೆ ಚದರ ಅಂಗುಲಕ್ಕೆ 35 ಪೌಂಡು ಒತ್ತಡ ಸಹಜ ಎನ್ನುತ್ತದೆ ಅದರ ಕೈಪಿಡಿ. ಗಂಟೆಗೆ 35 ಮೈಲಿ ವೇಗದಲ್ಲಿ 20 ಪೌಂಡು, ಐಡ್ಲಿಂಗ್‌ನಲ್ಲಿ 6 ಪೌಂಡು ಕನಿಷ್ಠ ಸುರಕ್ಷಿತ ಮಟ್ಟ. ಪ್ರತಿ ಸಾವಿರ ಆರ್‌ಪಿಎಂಗೆ ಹತ್ತು ಪೌಂಡು ಇರಬೇಕು ಎಂಬ ಮೆಕ್ಯಾನಿಕ್‌ಗಳ ಹಳೆಯ ಲೆಕ್ಕಕ್ಕೂ ಈ ಅಂಕಿಗಳು ಹೊಂದುತ್ತವೆ.

ಎಣ್ಣೆ ಪಂಪಿನಿಂದ ಹೊರಟು ಬ್ಲಾಕಿನೊಳಗಿನ ಗ್ಯಾಲರಿ ಎಂಬ ಉದ್ದನೆಯ ಕೊಳವೆಗೆ ಬಂದು, ಅಲ್ಲಿಂದ ಕ್ರ್ಯಾಂಕಿನ ಮೇನ್ ಬೇರಿಂಗುಗಳಿಗೆ, ಕನೆಕ್ಟಿಂಗ್ ರಾಡುಗಳ ಬೇರಿಂಗುಗಳಿಗೆ, ಕ್ಯಾಮ್ ಶಾಫ್ಟಿಗೆ ಹಂಚಿಹೋಗುತ್ತದೆ. ಪ್ರತಿ ಬೇರಿಂಗಿನಲ್ಲೂ ಶಾಫ್ಟಿಗೂ ಅದನ್ನು ಸುತ್ತುವರಿದ ಶೆಲ್ಲಿಗೂ ನಡುವೆ ಒಂದು ಸಂದು ಇರುತ್ತದೆ, ಇರಲೇಬೇಕು. ವ್ಯಾಸದ ಸಾವಿರದಲ್ಲಿ ಒಂದು ಭಾಗ ಎಂಬುದು ಸ್ಥೂಲ ನಿಯಮ. 50 ಮಿಲಿಮೀಟರ್ ಶಾಫ್ಟಿಗೆ 0.05 ಮಿಲಿಮೀಟರ್ ಸಂದು. ಎಣ್ಣೆ ಈ ಸಂದಿನಿಂದ ಬದಿಗೆ ಸೋರಿ ಕೆಳಗಿನ ಚೇಂಬರಿಗೆ ಬೀಳುತ್ತದೆ. ಇಡೀ ಎಂಜಿನ್ನಿನ ಒತ್ತಡವನ್ನು ನಿರ್ಧರಿಸುವುದು ಈ ಸೋರಿಕೆಗಳ ಒಟ್ಟು ಮೊತ್ತ. ಈ ಸೋರಿಕೆಗೆ ಒಂದು ಕಠಿಣವಾದ ನಿಯಮವಿದೆ: ಅದು ಸಂದಿನ ಅಳತೆಯ ಘನಕ್ಕೆ ತಕ್ಕಂತೆ ಬೆಳೆಯುತ್ತದೆ. ಸಂದು ಎರಡು ಪಟ್ಟಾದರೆ ಸೋರಿಕೆ ಎಂಟು ಪಟ್ಟು. ಲೇತಿನಲ್ಲಿ ಕ್ರ್ಯಾಂಕ್ ಗ್ರೈಂಡ್ ಮಾಡುವಾಗ ಕೇವಲ 0.02 ಮಿಲಿಮೀಟರ್ ಹೆಚ್ಚು ತೆಗೆದುಬಿಟ್ಟರೆ ಸಂದು 0.05ರಿಂದ 0.07ಕ್ಕೆ ಏರುತ್ತದೆ. ಕೈಯಲ್ಲಿ ಅಲುಗಾಡಿಸಿ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆದರೆ ಅಲ್ಲಿನ ಸೋರಿಕೆ ಸುಮಾರು 2.7 ಪಟ್ಟಾಗಿರುತ್ತದೆ. ಬೆರಳ ತುದಿಯ ಅಂದಾಜನ್ನು ಇಲ್ಲಿ ಏಕೆ ನಂಬಬಾರದು ಎಂಬುದಕ್ಕೆ ಈ ಘನದ ನಿಯಮವೇ ಉತ್ತರ.

ಸೋರಿಕೆಯನ್ನು ತಡೆಯುವ ಇನ್ನೊಂದು ಶಕ್ತಿ ಎಣ್ಣೆಯ ಸ್ನಿಗ್ಧತೆ, ಅಂದರೆ ಅದರ ಮಂದತನ. ಇದು ಉಷ್ಣತೆಯೊಂದಿಗೆ ಭಾರಿ ಪ್ರಮಾಣದಲ್ಲಿ ಬದಲಾಗುತ್ತದೆ. ಸಾಮಾನ್ಯವಾದ 15ಡಬ್ಲ್ಯು–40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೂರು ಸೆಂಟಿಸ್ಟೋಕ್‌ಗೂ ಮೇಲಿರುತ್ತದೆ, 100 ಡಿಗ್ರಿಯಲ್ಲಿ ಹದಿನಾಲ್ಕು–ಹದಿನೈದಕ್ಕೆ ಇಳಿಯುತ್ತದೆ. ಏಳೆಂಟು ಪಟ್ಟು ತೆಳು. ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಮುಳ್ಳು ಐವತ್ತು ಪೌಂಡು ತೋರಿಸಿದ್ದು ಎಂಜಿನ್ನಿನ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ಮಂದವಾದ ಎಣ್ಣೆ ದೊಡ್ಡ ಸಂದನ್ನೂ ಸಣ್ಣದೆಂದು ತೋರಿಸಬಲ್ಲದು. ಗ್ಯಾರೇಜಿನ ಅಂಗಳದಲ್ಲಿ ತಣ್ಣಗಿನ ಎಂಜಿನ್ ಓಡಿಸಿ, ಗೇಜು ತೋರಿಸಿ, ಗಾಡಿ ಒಪ್ಪಿಸುವ ರೂಢಿಗೆ ಆದ್ದರಿಂದ ಅರ್ಥವಿಲ್ಲ. ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ನೀರಷ್ಟೇ ಅಲ್ಲದೆ ಚೇಂಬರಿನ ಎಣ್ಣೆಯೂ ಪೂರ್ತಿ ಬಿಸಿಯಾದ ಮೇಲೆ ನೋಡಿದ್ದೇ ಪ್ರೆಶರ್.

ಇಲ್ಲಿ ಒಂದು ಗಂಭೀರ ಆಕ್ಷೇಪ ಬರುತ್ತದೆ. ಅದನ್ನು ಎತ್ತಿದ್ದು ಗ್ಯಾರೇಜಲ್ಲ, ಚರಿತ್ರೆ. 1883ರಲ್ಲಿ ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಗಾಗಿ ಬೊಶಾಂಪ್ ಟವರ್ ಎಂಬಾತ ರೈಲು ಗಾಡಿಯ ಅಚ್ಚಿನ ಬೇರಿಂಗಿನ ಮೇಲೆ ಪ್ರಯೋಗ ನಡೆಸಿದ. ಶಾಫ್ಟಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿತ್ತು, ಹಿತ್ತಾಳೆಯ ಬೇರಿಂಗು ಅದರ ನೆತ್ತಿಯ ಮೇಲೆ ಭಾರ ಹೊತ್ತು ಕೂತಿತ್ತು. ಎಣ್ಣೆ ಬಿಡಲೆಂದು ಬೇರಿಂಗಿನ ಮೇಲ್ಭಾಗದಲ್ಲಿ ಆತ ಒಂದು ರಂಧ್ರ ಕೊರೆದ. ಶಾಫ್ಟ್ ತಿರುಗಿದ್ದೇ ತಡ, ಆ ರಂಧ್ರದಿಂದ ಎಣ್ಣೆಯೇ ಮೇಲಕ್ಕೆ ಉಕ್ಕಿ ಬಂತು. ಮರದ ಬೆಣೆ ಬಡಿದು ಮುಚ್ಚಿದರೆ ಬೆಣೆಯನ್ನೇ ಹೊರಗೆ ತಳ್ಳಿತು. ಕೊನೆಗೆ ಗೇಜು ಜೋಡಿಸಿದಾಗ ಮುಳ್ಳು 200 ಪೌಂಡು ದಾಟಿತು. ಬೇರಿಂಗಿನ ಮೇಲಿದ್ದ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡು ಮಾತ್ರ. ಅಲ್ಲಿ ಪಂಪೇ ಇರಲಿಲ್ಲ! ತಿರುಗುವ ಶಾಫ್ಟು ಎಣ್ಣೆಯನ್ನು ತನ್ನೊಂದಿಗೆ ಕಿರಿದಾಗುತ್ತ ಹೋಗುವ ಸಂದಿಗೆ ಎಳೆದುಕೊಂಡು ಹೋಗಿ, ತನ್ನನ್ನು ಎತ್ತಿ ಹಿಡಿಯುವ ಒತ್ತಡವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ ಎಂದು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಮೂಲಕ ವಿವರಿಸಿದ. ಇಂದಿನ ಎಂಜಿನ್ನಿನ ಬೇರಿಂಗಿನೊಳಗೆ ಈ ಒತ್ತಡ ಸಾವಿರಾರು ಪೌಂಡಿಗೆ ಏರುತ್ತದೆ. ಹಾಗಾದರೆ ಗೇಜು ತೋರಿಸುವ ಆರು ಪೌಂಡಿಗೂ ಇಪ್ಪತ್ತು ಪೌಂಡಿಗೂ ಏನು ವ್ಯತ್ಯಾಸ, ಏಕಿಷ್ಟು ಚಿಂತೆ ಎಂದು ಕೇಳಬಹುದು.

ಪ್ರಶ್ನೆ ನ್ಯಾಯವಾದದ್ದು. ಅದರ ಅರ್ಧವನ್ನು ಒಪ್ಪಲೇಬೇಕು. ಶಾಫ್ಟನ್ನು ಎತ್ತಿ ಹಿಡಿಯುವುದು ಗೇಜಿನ ಒತ್ತಡವಲ್ಲ, ಪಂಪಿನ ಕೆಲಸ ಎಣ್ಣೆಯನ್ನು ಬಾಗಿಲವರೆಗೆ ತಂದು ಮುಟ್ಟಿಸುವುದು ಮಾತ್ರ. ಅಪಾಯ ಇರುವುದು ಹಂಚಿಕೆಯಲ್ಲಿ. ಅಡಿಕೆ ತೋಟದ ಡ್ರಿಪ್ ಲೈನಿನಲ್ಲಿ ಪಂಪಿನ ಹತ್ತಿರವೇ ಒಂದು ಕಡೆ ಪೈಪು ಬಿರಿದರೆ ಪಂಪಿನಿಂದ ಬರುವ ನೀರು ಕಡಿಮೆಯಾಗಿರುವುದಿಲ್ಲ, ಆದರೂ ಕೊನೆಯ ಸಾಲಿನ ಮರಗಳು ಒಣಗುತ್ತವೆ. ಎಂಜಿನ್ನಿನಲ್ಲೂ ಹೀಗೆಯೇ. ಅಗಲವಾದ ಸಂದು ಘನದ ನಿಯಮದಂತೆ ತನ್ನ ಪಾಲಿಗಿಂತ ಎಷ್ಟೋ ಪಟ್ಟು ಎಣ್ಣೆಯನ್ನು ಕುಡಿಯುತ್ತದೆ, ಅದರಾಚೆಗಿನ ಸರಿಯಾದ ಬೇರಿಂಗಿಗೆ ಉಳಿದಷ್ಟೇ ಗತಿ. ಬೇರಿಂಗಿನ ಶಾಖವನ್ನು ಹೊರಗೆ ಸಾಗಿಸುವುದೂ ಇದೇ ಎಣ್ಣೆಯಾದ್ದರಿಂದ, ಪಾಲು ಕಡಿಮೆಯಾದ ಬೇರಿಂಗು ಬಿಸಿಯಾಗುತ್ತದೆ, ಅಲ್ಲಿನ ಎಣ್ಣೆ ಇನ್ನೂ ತೆಳುವಾಗುತ್ತದೆ, ಶಾಫ್ಟನ್ನು ಹೊತ್ತ ಪದರ ಕೃಶವಾಗುತ್ತದೆ. ಮೊದಲು ಸುಟ್ಟುಹೋಗುವುದು ಸಡಿಲವಾದ ಬೇರಿಂಗೇ ಆಗಬೇಕೆಂದಿಲ್ಲ, ಎಲ್ಲ ಅಳತೆಯೂ ಸರಿಯಿದ್ದ ಅದರ ನೆರೆಯ ಬೇರಿಂಗೂ ಆಗಬಹುದು. ಟವರನ ಪ್ರಯೋಗ ನಮಗೆ ಕಲಿಸುವುದು ಪ್ರೆಶರ್ ಮುಖ್ಯವಲ್ಲ ಎಂದಲ್ಲ. ಎಣ್ಣೆಯ ಸರಬರಾಜು ನಿಲ್ಲದೆ ಇದ್ದಷ್ಟು ಕಾಲ ಮಾತ್ರ ಬೇರಿಂಗು ತನ್ನನ್ನು ತಾನು ಕಾಪಾಡಿಕೊಳ್ಳುತ್ತದೆ ಎಂದು.

ಗೇಜು ಸುಳ್ಳು ಹೇಳುತ್ತಿಲ್ಲವೆಂದು ಮೊದಲು ಖಚಿತವಾಗಬೇಕು. ಡ್ಯಾಶ್‌ಬೋರ್ಡಿನ ಎಲೆಕ್ಟ್ರಿಕ್ ಗೇಜು ತೋರಿಸುವುದು ಸೆಂಡರ್ ಎಂಬ ಸಂವೇದಕದ ವಿದ್ಯುತ್ ರೋಧವನ್ನು, ಒತ್ತಡವನ್ನಲ್ಲ. ಸೆಂಡರ್ ಕಳಚಿ ಅದೇ ತೂತಿಗೆ ನಂಬಿಕಸ್ಥ ಮೆಕ್ಯಾನಿಕಲ್ ಗೇಜು ಜೋಡಿಸುವುದು ಹತ್ತು ನಿಮಿಷದ ಕೆಲಸ. ಅದಾದ ಮೇಲೆ ಬಿಸಿ ಎಂಜಿನ್ನನ್ನು ಐಡ್ಲಿಂಗ್‌ನಿಂದ ಹಂತಹಂತವಾಗಿ ಏರಿಸುತ್ತ ಪ್ರತಿ ಹಂತದ ಒತ್ತಡವನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಒಂದು ಅಂಕಿಯಿಂದ ತಿಳಿಯದ್ದು ಈ ಸಾಲಿನ ಆಕಾರದಿಂದ ತಿಳಿಯುತ್ತದೆ. ಐಡ್ಲಿಂಗ್‌ನಲ್ಲಿ ಬಹಳ ಕಡಿಮೆ ಇದ್ದು ವೇಗದೊಂದಿಗೆ ಸಮನಾಗಿ ಏರುತ್ತ ಹೋದರೆ ಅದು ಸೋರಿಕೆಯ ಗುರುತು: ಪಂಪಿನ ಸುತ್ತು ಹೆಚ್ಚಿದಷ್ಟೂ ಎಣ್ಣೆ ಹೆಚ್ಚು, ಅದೇ ಸಂದಿನ ಮೇಲೆ ಒತ್ತಡವೂ ಅಷ್ಟೇ ಹೆಚ್ಚು. ಐಡ್ಲಿಂಗ್‌ನಲ್ಲಿ ಸರಿಯಾಗಿದ್ದು, ಇಪ್ಪತ್ತರ ಹತ್ತಿರ ಬಂದು ಮೇಲೇರದೆ ನಿಂತುಬಿಟ್ಟರೆ ರಿಲೀಫ್ ವಾಲ್ವು ಬೇಗನೆ ತೆರೆಯುತ್ತಿದೆ, ಸ್ಪ್ರಿಂಗ್ ಸೋತಿದೆ. ಮೊದಲು ಏರಿ, ವೇಗ ಹೆಚ್ಚಾದಾಗ ಮುಳ್ಳು ನಡುಗುತ್ತ ಇಳಿದರೆ ತೊಂದರೆ ಪಂಪಿನ ಹಿಂದೆ ಇದೆ. ಎಣ್ಣೆ ಎಳೆಯುವ ಬಾಯಿಯಲ್ಲಿ ಗಾಳಿ ಸೇರುತ್ತಿದೆ ಅಥವಾ ಸ್ಟ್ರೈನರ್ ಕಟ್ಟಿಕೊಂಡಿದೆ. ಹರಿಕೇನ್ ಎಂಜಿನ್ನಿನಲ್ಲಿ ಚೇಂಬರಿನ ಎಣ್ಣೆಯ ಮೇಲೆ ತೇಲುತ್ತ ಎಣ್ಣೆ ಹೀರುವ ಫ್ಲೋಟ್ ಇದೆ. ಅದರ ಕೊಳವೆ ಬ್ಲಾಕಿಗೆ ಕೂಡುವಲ್ಲಿನ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ನುಂಗುತ್ತದೆ. ಆಗ ಪಂಪನ್ನು ಎಷ್ಟು ಸಲ ಬದಲಿಸಿದರೂ ಫಲವಿಲ್ಲ.

ಚೇಂಬರ್ ಬಿಚ್ಚುವ ಮುನ್ನ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಪರೀಕ್ಷೆಗಳು ಇನ್ನೂ ಕೆಲವಿವೆ. ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಬೇಕು. ಮೆಕ್ಯಾನಿಕಲ್ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದ್ದರೆ ಪೆಟ್ರೋಲು ಚೇಂಬರಿಗಿಳಿದು ಎಣ್ಣೆಯನ್ನು ತೆಳುವಾಗಿಸುತ್ತದೆ. ಈ ಎಂಜಿನ್ನಿನ ಆಯಿಲ್ ಫಿಲ್ಟರು ಇಂದಿನ ಕಾರುಗಳದ್ದರಂತೆ ಇಡೀ ಎಣ್ಣೆಯನ್ನು ಸೋಸುವುದಿಲ್ಲ. ಒಂದು ಸಣ್ಣ ಪಾಲನ್ನು ಮಾತ್ರ ಸೋಸಿ ನೇರವಾಗಿ ಚೇಂಬರಿಗೆ ವಾಪಸು ಬಿಡುತ್ತದೆ. ಅಂದರೆ ಅದು ಬೇಕೆಂದೇ ಇಟ್ಟ ಸೋರಿಕೆ, ಒಂದು ಕಿರಿದಾದ ತೂತು ಅದನ್ನು ಮಿತಿಯಲ್ಲಿಟ್ಟಿರುತ್ತದೆ. ಜೋಡಿಸುವಾಗ ಆ ತೂತಿನ ಭಾಗ ಕಳೆದುಹೋಗಿ ಮಾಮೂಲಿ ಕನೆಕ್ಟರ್ ಹಾಕಿದ್ದರೆ ಒತ್ತಡವೆಲ್ಲ ಫಿಲ್ಟರಿನ ಮೂಲಕ ಹರಿದುಹೋಗುತ್ತದೆ. ಆ ಪೈಪನ್ನು ತಾತ್ಕಾಲಿಕವಾಗಿ ಮುಚ್ಚಿ ಗೇಜು ನೋಡಿದರೆ ಸತ್ಯ ಗೊತ್ತಾಗುತ್ತದೆ. ರಿಲೀಫ್ ವಾಲ್ವು ಪಂಪಿನಲ್ಲೇ ಇದೆ, ಹೊರಗಿನಿಂದ ಬಿಚ್ಚಬಹುದು. ಒಂದು ಲೋಹದ ಚೂರು ಸಿಕ್ಕಿಕೊಂಡು ವಾಲ್ವು ಅರ್ಧ ತೆರೆದೇ ಉಳಿದಿದ್ದರೆ ಗೇಜಿನಲ್ಲಿ ಅದೂ ಬೇರಿಂಗ್ ಸೋರಿಕೆಯಂತೆಯೇ ಕಾಣುತ್ತದೆ. ಹೊಸದಾಗಿ ಗ್ರೈಂಡ್ ಮಾಡಿದ, ಸರಿಯಾಗಿ ತೊಳೆಯದ ಎಂಜಿನ್ನಿನಲ್ಲಿ ಇದು ಅಪರೂಪವಲ್ಲ.

ಈಗ ಆ ಮೂರು ಉಪಾಯಗಳಿಗೆ ಮರಳೋಣ. ಅವುಗಳ ಪರವಾಗಿ ಅನುಭವಿ ಕೈಗಳು ವಾದಿಸುತ್ತವೆ, ಆ ವಾದಕ್ಕೆ ಕಾರಣಸಹಿತ ಉತ್ತರ ಕೊಡಬೇಕು. ಸ್ಪ್ರಿಂಗಿನ ವಾಷರ್ ವಿಷಯ ಬೇಗ ಮುಗಿಯುತ್ತದೆ. ಬಿಸಿ ಐಡ್ಲಿಂಗ್‌ನಲ್ಲಿ ಒತ್ತಡ ಐದು ಪೌಂಡು ಇರುವಾಗ, ಅಳತೆಗೆ ಸರಿಯಾಗಿ ಕೂತಿರುವ ರಿಲೀಫ್ ವಾಲ್ವು ತೆರೆದೇ ಇರುವುದಿಲ್ಲ. ಮುಚ್ಚಿಯೇ ಇರುವ ವಾಲ್ವನ್ನು ಇನ್ನಷ್ಟು ಬಿಗಿ ಮಾಡಿದರೆ ಐದು ಪೌಂಡು ಆರಾಗುವುದಿಲ್ಲ. ಅದರಿಂದ ಏರುವುದು ತಣ್ಣಗಿನ ಎಂಜಿನ್ನಿನ ಗರಿಷ್ಠ ಒತ್ತಡ ಮಾತ್ರ, ಅದು ಪಂಪಿನ ಗಿಯರಿಗೂ ಅದನ್ನು ತಿರುಗಿಸುವ ಕ್ಯಾಮ್ ಶಾಫ್ಟಿನ ಹಲ್ಲಿಗೂ ವೃಥಾ ಹೊರೆ. ಮಂದವಾದ ಆಯಿಲಿನ ಪರ ವಾದ ಇದಕ್ಕಿಂತ ಗಟ್ಟಿಯಾದದ್ದು. ಮುಳ್ಳು ನಿಜವಾಗಿಯೂ ಏರುತ್ತದೆ, ಬೇರಿಂಗಿನೊಳಗಿನ ಪದರವೂ ದಪ್ಪವಾಗುತ್ತದೆ. ಲಕ್ಷ ಕಿಲೋಮೀಟರ್ ಓಡಿ ಎಲ್ಲ ಬೇರಿಂಗೂ ಸಮನಾಗಿ ಸವೆದ ಮುದಿ ಎಂಜಿನ್ನಿಗೆ ಇದು ಒಪ್ಪಬಹುದಾದ ಮದ್ದು. ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಅಲ್ಲ. ರಿಲೀಫ್ ವಾಲ್ವು ಮುಚ್ಚಿರುವಾಗ ಪಂಪಿನ ಎಣ್ಣೆಯೆಲ್ಲ ಸಂದುಗಳ ನಡುವೆ ಅವುಗಳ ಅಗಲದ ಲೆಕ್ಕದಲ್ಲೇ ಹಂಚಿಹೋಗುತ್ತದೆ. ಎಣ್ಣೆ ಮಂದವಾದರೆ ಎಲ್ಲ ದಾರಿಯೂ ಒಂದೇ ಪ್ರಮಾಣದಲ್ಲಿ ಇಕ್ಕಟ್ಟಾಗುತ್ತದೆ, ಆದರೆ ಪಾಲಿನ ಅನುಪಾತ ಬದಲಾಗುವುದಿಲ್ಲ. ತಪ್ಪಾದ ಒಂದು ಸಂದು ಮೊದಲು ಎಷ್ಟು ಪಾಲು ಕುಡಿಯುತ್ತಿತ್ತೋ ಈಗಲೂ ಅಷ್ಟೇ ಕುಡಿಯುತ್ತದೆ. ಗೇಜು ಸಮಾಧಾನ ಹೇಳುತ್ತದೆ, ಹಸಿದ ಬೇರಿಂಗು ಹಸಿದೇ ಇರುತ್ತದೆ. ದೊಡ್ಡ ಪಂಪು ಹಾಕಿದರೆ ಪ್ರತಿ ಬೇರಿಂಗಿಗೂ ಸ್ವಲ್ಪ ಹೆಚ್ಚು ಸಿಗುತ್ತದೆ ನಿಜ, ಆದರೆ ಹೆಚ್ಚಿದ ಎಣ್ಣೆಯ ಸಿಂಹಪಾಲು ಮತ್ತೆ ಅದೇ ಸಂದಿಗೆ.

ಪಂಪಿನ ತಪ್ಪು ಎಂದೂ ಇರುವುದಿಲ್ಲವೆಂದು ಇದರರ್ಥವಲ್ಲ. ಗಿಯರಿನ ತುದಿಗೂ ಮುಚ್ಚಳಕ್ಕೂ ನಡುವಿನ ಸಂದು ಸವೆದು ದೊಡ್ಡದಾದರೆ ಎಣ್ಣೆ ಪಂಪಿನೊಳಗೇ ಹಿಂದಕ್ಕೆ ಜಾರುತ್ತದೆ. ಈ ಜಾರುವಿಕೆ ಐಡ್ಲಿಂಗ್‌ನಲ್ಲೇ ಹೆಚ್ಚು ಕಾಡುವುದರಿಂದ ಗೇಜಿನ ಆಕಾರದಿಂದ ಪಂಪನ್ನೂ ಬೇರಿಂಗನ್ನೂ ಬೇರ್ಪಡಿಸಲಾಗದು. ಆದರೆ ಪಂಪಿನ ಸಂದನ್ನು ಸ್ಟ್ರೇಟ್ ಎಡ್ಜ್ ಇಟ್ಟು ಫೀಲರ್ ಗೇಜಿನಲ್ಲಿ ಅಳೆಯಬಹುದು. ಅಳೆದು ಹೇಳಿದರೆ ಒಪ್ಪೋಣ, ಊಹಿಸಿ ಹೇಳಿದರೆ ಬೇಡ. (ಈ ಜೀಪಿನಲ್ಲಿ ಡಿಸ್ಟ್ರಿಬ್ಯೂಟರ್ ತಿರುಗುವುದು ಪಂಪಿನ ಶಾಫ್ಟಿನಿಂದಲೇ. ಪಂಪು ಕಳಚಿ ಹಾಕುವಾಗ ಗುರುತು ಇಟ್ಟುಕೊಳ್ಳದಿದ್ದರೆ ಇಗ್ನಿಷನ್ ಟೈಮಿಂಗ್ ಕೆಡುತ್ತದೆ.)

ಪಂಪಿನ ತಪ್ಪನ್ನೂ ಬೇರಿಂಗಿನ ಸೋರಿಕೆಯನ್ನೂ ನಿಸ್ಸಂಶಯವಾಗಿ ಬೇರ್ಪಡಿಸುವ ಪರೀಕ್ಷೆಯೊಂದಿದೆ. ನಮ್ಮ ಗ್ಯಾರೇಜುಗಳಲ್ಲಿ ಅದು ಹೆಚ್ಚು ಬಳಕೆಗೆ ಬರಬೇಕೆಂಬುದು ನನ್ನ ಆಸೆ. ಎಂಜಿನ್ ನಿಂತಿರುವಾಗಲೇ ಚೇಂಬರ್ ಕಳಚಿ, ಹೊರಗಿನ ಒಂದು ಗಟ್ಟಿ ಟ್ಯಾಂಕಿನಲ್ಲಿ ಎಣ್ಣೆ ತುಂಬಿ, ಕಂಪ್ರೆಸರಿನ ಗಾಳಿಯಿಂದ ಹದವಾದ ಒತ್ತಡ ಕೊಟ್ಟು, ಗೇಜಿನ ತೂತಿನ ಮೂಲಕ ಗ್ಯಾಲರಿಗೆ ಬಿಡುವುದು. ಪಂಪು ಈಗ ಆಟದಲ್ಲೇ ಇಲ್ಲ. ಕೆಳಗೆ ಮಲಗಿ ದೀಪ ಹಿಡಿದು ನೋಡಿದರೆ ಪ್ರತಿ ಬೇರಿಂಗಿನ ಅಂಚಿನಿಂದ ಎಣ್ಣೆ ಬೀಳುವುದು ಕಾಣುತ್ತದೆ. ಸರಿಯಾದ ಸಂದಿನಿಂದ ಹನಿಹನಿಯಾಗಿ ಬೀಳುತ್ತದೆ, ತಪ್ಪಾದ ಸಂದಿನಿಂದ ಧಾರೆಯಾಗಿ ಸುರಿಯುತ್ತದೆ, ದಾರಿ ಮುಚ್ಚಿಹೋದ ಬೇರಿಂಗಿನಿಂದ ಏನೂ ಬೀಳುವುದಿಲ್ಲ. ಒಂದು ಎಚ್ಚರ ಬೇಕು. ಕ್ರ್ಯಾಂಕಿನ ಎಣ್ಣೆ ತೂತು ಶೆಲ್ಲಿನ ತೂತಿಗೆ ನೇರವಾಗಿ ನಿಂತ ಕ್ಷಣದಲ್ಲಿ ಒಳ್ಳೆಯ ಬೇರಿಂಗೂ ಹೆಚ್ಚು ಸೋರಿದಂತೆ ಕಾಣುತ್ತದೆ, ಆದ್ದರಿಂದ ಕ್ರ್ಯಾಂಕನ್ನು ಕೈಯಿಂದ ಸ್ವಲ್ಪ ಸ್ವಲ್ಪ ತಿರುಗಿಸುತ್ತ ನೋಡಬೇಕು. ಎಲ್ಲ ಬೇರಿಂಗೂ ಹನಿಯುತ್ತಿದ್ದು ಟೈಮಿಂಗ್ ಕವರಿನ ಹಿಂದಿನಿಂದಲೋ ಫ್ಲೈವೀಲ್ ಕಡೆಯಿಂದಲೋ ಧಾರೆ ಬರುತ್ತಿದ್ದರೆ, ಬ್ಲಾಕು ತೊಳೆಯಲು ತೆಗೆದ ಗ್ಯಾಲರಿ ಪ್ಲಗ್ಗನ್ನು ಯಾರೋ ವಾಪಸು ಹಾಕಿಲ್ಲ. ಎಲ್ಲೂ ಧಾರೆಯಿಲ್ಲದಿದ್ದರೆ ಆಗ ಪಂಪನ್ನು ದೂರಲು ಆಧಾರ ಸಿಕ್ಕಿತು. ಇದೇ ಟ್ಯಾಂಕಿನಿಂದ ಹೊಸ ಎಂಜಿನ್ನಿನ ಬೇರಿಂಗುಗಳಿಗೆ ಮೊದಲ ಸ್ಟಾರ್ಟಿಗೆ ಮುನ್ನ ಎಣ್ಣೆ ತುಂಬಬಹುದು ಎಂಬುದು ಇನ್ನೊಂದು ಲಾಭ.

ಹರಿಕೇನ್ ಎಂಜಿನ್ನಿನಲ್ಲಿ ಈ ಪರೀಕ್ಷೆ ಬಹಳ ಸಲ ತೋರಿಸಬಹುದಾದ ಜಾಗ ಕ್ಯಾಮ್ ಶಾಫ್ಟು. ಅದಕ್ಕಿರುವ ನಾಲ್ಕು ಬೇರಿಂಗುಗಳಲ್ಲಿ ಮುಂದಿನದಕ್ಕೆ ಮಾತ್ರ ಬದಲಿಸಬಹುದಾದ ಬುಷ್ ಇದೆ. ಉಳಿದ ಮೂರೂ ಬ್ಲಾಕಿನ ಎರಕದಲ್ಲೇ ನೇರವಾಗಿ ಕೊರೆದ ರಂಧ್ರಗಳು. ಕ್ರ್ಯಾಂಕ್ ಗ್ರೈಂಡ್ ಆಗುತ್ತದೆ, ಮೇನ್ ಮತ್ತು ರಾಡ್ ಬೇರಿಂಗ್ ಹೊಸದಾಗುತ್ತವೆ, ಮುಂದಿನ ಬುಷ್ ಕೂಡ ಹೊಸದು. ಐವತ್ತು–ಅರವತ್ತು ವರ್ಷ ಸವೆದ ಆ ಮೂರು ರಂಧ್ರಗಳನ್ನು ಅಳೆಯುವವರಿಲ್ಲ, ಏಕೆಂದರೆ ಬಿಡಿಭಾಗಗಳ ಅಂಗಡಿಯಲ್ಲಿ ಅವಕ್ಕೆ ಸಾಮಾನೇ ಸಿಗುವುದಿಲ್ಲ. ಎಲ್ಲ ಹೊಸದಾದರೂ ಮುಳ್ಳು ಏಳುವುದಿಲ್ಲ. ಬ್ಲಾಕನ್ನು ಬೋರ್ ಮಾಡಿ ಬುಷ್ ಕೂರಿಸುವುದೊಂದೇ ಇದಕ್ಕೆ ದಾರಿ, ಹಾಗೆ ಕೂರಿಸುವಾಗ ಬುಷ್ಷಿನ ಎಣ್ಣೆ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂಡಬೇಕು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ತಪ್ಪಿದೆ, ನನ್ನ ವಾದಕ್ಕೆ ಅದಕ್ಕಿಂತ ಬಲವಾದ ಸಾಕ್ಷಿ ಇಲ್ಲ. ಎಷ್ಟೋ ಎಂಜಿನ್ನುಗಳಲ್ಲಿ ಮೇನ್ ಬೇರಿಂಗಿನ ಮೇಲಿನ ಶೆಲ್ಲಿಗೆ ಮಾತ್ರ ಎಣ್ಣೆಯ ತೂತು ಇರುತ್ತದೆ, ಕೆಳಗಿನದಕ್ಕೆ ಇರುವುದಿಲ್ಲ. ಅವಸರದಲ್ಲಿ ತೂತಿಲ್ಲದ ಶೆಲ್ಲನ್ನು ಬ್ಲಾಕಿನ ಕಡೆ ಕೂರಿಸಿದರೆ ಆ ಬೇರಿಂಗಿಗೆ ಎಣ್ಣೆಯೇ ಹೋಗುವುದಿಲ್ಲ. ಆಗ ಗೇಜು ಏನು ತೋರಿಸುತ್ತದೆ? ಒಂದು ಸೋರಿಕೆ ಕಡಿಮೆಯಾದ್ದರಿಂದ ಒತ್ತಡ ಏರುತ್ತದೆ. ಬೇರಿಂಗು ಒಣಗಿ ಸುಡುತ್ತಿರುವ ಹೊತ್ತಿನಲ್ಲೇ ಮುಳ್ಳು ಹೆಮ್ಮೆಪಡುವಷ್ಟು ಎತ್ತರದಲ್ಲಿ ನಿಂತಿರುತ್ತದೆ. ಮುಳ್ಳನ್ನು ಎತ್ತುವುದೇ ಗುರಿಯಾದರೆ ಈ ಎಂಜಿನ್ನು ಅತ್ಯುತ್ತಮ ಎನ್ನಬೇಕಾಗುತ್ತದೆ.

ಇಂದಿನ ಕಾರುಗಳು ನೀರಿನಷ್ಟು ತೆಳುವಾಗಿ ಕಾಣುವ 0ಡಬ್ಲ್ಯು–16 ಆಯಿಲಿನಲ್ಲಿ ಓಡುತ್ತವಲ್ಲ, ಇಂಧನ ಉಳಿಸಲೆಂದು ಕೆಲವು ಎಂಜಿನ್ನುಗಳು ಬೇಕೆಂದೇ ಒತ್ತಡ ತಗ್ಗಿಸುತ್ತವಲ್ಲ ಎಂದು ಯಾರಾದರೂ ಕೇಳಿಯಾರು. ಅವು ಆ ಎಣ್ಣೆಗೆಂದೇ ಸಂದುಗಳನ್ನು ನಿರ್ಧರಿಸಿ ಕಟ್ಟಿದ ಎಂಜಿನ್ನುಗಳು, ಕೆಲವದರಲ್ಲಿ ಪಂಪಿನ ಹರಿವನ್ನು ಕಂಪ್ಯೂಟರ್ ತಿದ್ದುತ್ತದೆ. ಅಲ್ಲಿ ಕಡಿಮೆ ಒತ್ತಡ ವಿನ್ಯಾಸಗಾರನ ಆಯ್ಕೆ. ಜೀಪಿನ ಐಡ್ಲಿಂಗ್‌ನಲ್ಲಿ ಒತ್ತಡ ಮೂರು ಪೌಂಡಿಗೆ ಇಳಿದರೆ ಅದು ಯಾರ ಆಯ್ಕೆಯೂ ಅಲ್ಲ.

ಎಂಜಿನ್ ಕೆಲಸಕ್ಕೆ ಕೊಡುವವರಲ್ಲಿ ಒಂದು ವಿನಂತಿ. ಬಿಲ್ಲಿನ ಜೊತೆಗೆ ಒಂದು ಹಾಳೆ ಕೇಳಿ ಪಡೆಯಿರಿ. ಕ್ರ್ಯಾಂಕಿನ ಪ್ರತಿ ಜರ್ನಲ್ಲಿನ (ಬೇರಿಂಗಿನೊಳಗೆ ತಿರುಗುವ ಭಾಗದ) ಮೈಕ್ರೋಮೀಟರ್ ಅಳತೆ, ಪ್ಲಾಸ್ಟಿಗೇಜ್ ಅಥವಾ ಬೋರ್ ಗೇಜಿನಲ್ಲಿ ಕಂಡ ಪ್ರತಿ ಬೇರಿಂಗಿನ ಸಂದು, ಕ್ಯಾಮ್ ರಂಧ್ರಗಳ ಅಳತೆ, ಪಂಪಿನ ಸಂದು, ಮತ್ತು ಅರ್ಧ ಗಂಟೆ ಓಡಿಸಿದ ಮೇಲೆ ಐಡ್ಲಿಂಗ್‌ನಲ್ಲೂ 2000 ಆರ್‌ಪಿಎಂನಲ್ಲೂ ಮೆಕ್ಯಾನಿಕಲ್ ಗೇಜು ತೋರಿಸಿದ ಒತ್ತಡ ಅದರಲ್ಲಿರಲಿ. ಅಳೆದು ಕೆಲಸ ಮಾಡುವ ಮೇಸ್ತ್ರಿಗೆ ಈ ಹಾಳೆ ಬರೆದುಕೊಡುವುದು ಕಷ್ಟವಲ್ಲ.